ಎಂಜಿನಿಗೂ ಚಳಿಯಾಗುತ್ತದೆ

ಬಿನ್ ಮಹಮೂದ್, ದೋಹಾ
6 ಫೆಬ್ರವರಿ 2025, ಗುರುವಾರ

ನನ್ನ ಮುದ್ದು ನಶೀದಾ,

ಅಸ್ಸಲಾಮು ಅಲೈಕುಂ. ಫೋನಿರುವಾಗ ಉಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಪಿಸುಗುಟ್ಟಿದರೂ ನಿನ್ನ ಬಾಪನಿಗೆ ಕೇಳುತ್ತದೆ. ಪಕ್ಕದ ಮನೆಯ ಸಿರಿಲ್ ಅಂಕಲ್ ಶನಿವಾರ ನಿಮ್ಮ ವಿನಿಪೆಗ್ಗಿಗೇ, ಅವರ ತಮ್ಮನ ಮನೆಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸುವ ಡಬ್ಬದ ತಳದಲ್ಲಿ ಇದನ್ನು ಅಡಗಿಸಿಡುತ್ತೇನೆ. ಶುಕ್ರವಾರ ಬೆಳಿಗ್ಗೆ ಕಾರ್ಟೂನು ನೋಡಲು ಬಿಡದೆ ನಿನ್ನಿಂದ ಕನ್ನಡ ಅಕ್ಷರ ತಿದ್ದಿಸಿದ್ದು ಇಂಥ ದಿನಕ್ಕೇ ಇರಬೇಕು. ಒತ್ತಕ್ಷರ ಬಂದಲ್ಲಿ ನಿಧಾನಿಸು.

ಮೂರು ವಾರದಿಂದ ಬಾಪ ನಿನ್ನೊಡನೆ ಮಾತಾಡಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ನಮಾಜಿಗೆ ಹೋಗಿದ್ದಾರೆ, ಗ್ಯಾರೇಜಿನಲ್ಲಿದ್ದಾರೆ, ಮಲಗಿದ್ದಾರೆ ಎಂದೆ. ಎಲ್ಲವೂ ಸುಳ್ಳು, ಅಲ್ಲಾಹು ಕ್ಷಮಿಸಲಿ. ಅವರು ಇಲ್ಲೇ ಸೋಫಾದಲ್ಲಿ ಕುಳಿತು ನಿನ್ನ ದನಿ ಕೇಳುತ್ತಿರುತ್ತಾರೆ. ಬಾಪನಿಗೆ ನನ್ನ ಮೇಲೆ ಸಿಟ್ಟಾ ಎಂದು ಮೊನ್ನೆ ನೀನು ಕೇಳಿದೆಯಲ್ಲ, ಅದೂ ಕೇಳಿಸಿತು. ಎದ್ದು ಬಾಲ್ಕನಿಗೆ ಹೋದರು. ನಿನ್ನ ಮುಂದೆ ಬಾಯಿ ತೆರೆಯಲು ಅವರಿಗೆ ನಾಚಿಕೆ ಮಗಳೇ, ಸಿಟ್ಟು ಎಲ್ಲಿಂದ ಬರಬೇಕು?

ವೀಡಿಯೋದಲ್ಲಿ ಕಂಡ ನಿನ್ನ ಬೆರಳ ಕಟ್ಟು ದೋಸೆ ಕಾವಲಿ ತಾಗಿ ಸುಟ್ಟ ಗಾಯದ್ದೆಂದು ನಾವು ನಂಬಿದ್ದೆವು. ಆದರೆ ನಿನ್ನ ಗಂಡ ಸರ್ಫರಾಝನಿಗೆ ಸುಳ್ಳು ಹೇಳಲು ಬರುವುದಿಲ್ಲ ಪಾಪ. ನೀನು ಡ್ಯೂಟಿಗೆ ಹೋಗಿದ್ದಾಗ ಅವನಿಗೆ ಫೋನ್ ಮಾಡಿ, ಸುಟ್ಟ ಗಾಯ ಹೇಗಿದೆ ಎಂದು ಕೇಳಿದರೆ, ಯಾವ ಸುಟ್ಟ ಗಾಯ ಎಂದುಬಿಟ್ಟ. ಆಮೇಲೆ ಎಲ್ಲ ಹೊರಬಿತ್ತು. ಮೈನಸ್ ಮೂವತ್ತನಾಲ್ಕು ಡಿಗ್ರಿಯಲ್ಲಿ ಕಾರು ಸ್ಟಾರ್ಟ್ ಆಗಲಿಲ್ಲ, ನೀನು ಆಸ್ಪತ್ರೆಯ ಡ್ಯೂಟಿಗೆ ಹೋಗಲೇಬೇಕಿತ್ತು, ಬಸ್ ಸ್ಟಾಪಿನಲ್ಲಿ ನಲವತ್ತು ನಿಮಿಷ ನಿಂತೆ, ಎರಡು ಬೆರಳ ತುದಿ ಬೆಳ್ಳಗಾಗಿ ಸ್ಪರ್ಶವೇ ಹೋಗಿತ್ತು. ಆ ವೈರು ಕತ್ತರಿಸದೆ ಇದ್ದಿದ್ದರೆ, ಎಂದು ಹೇಳಿ ಸರ್ಫರಾಝ್ ನಾಲಗೆ ಕಚ್ಚಿಕೊಂಡ. ಫೋನು ಸ್ಪೀಕರಿನಲ್ಲಿತ್ತು.

ಸೆಪ್ಟೆಂಬರಿನ ಆ ಸಂಜೆ ನೆನಪಿದೆಯಲ್ಲ? ನೀನು ಮೊದಲ ಕಾರು ಕೊಂಡ ಸಂತೋಷದಲ್ಲಿ ಬಾಪ ಸಿರಿಲ್ ಅಂಕಲ್ ಮನೆಯವರನ್ನೆಲ್ಲ ಚಹಾಕ್ಕೆ ಕರೆದಿದ್ದರು. ವೀಡಿಯೋದಲ್ಲಿ ಕಾರಿನ ಸುತ್ತ ಒಂದು ಸುತ್ತು ಬಾ ಎಂದು ನಿನಗೆ ಆರ್ಡರು. ಮುಂದಿನ ಜಾಲರಿಯಿಂದ ಮೂರು ಪಿನ್ನಿನ ಪ್ಲಗ್ಗೊಂದು ನೇತಾಡುತ್ತಿತ್ತು. ಬಾಪ ಹೊಟ್ಟೆ ಹಿಡಿದು ನಕ್ಕರು. "ಇದೆಂಥ ಮಾರಾಯ್ತಿ, ಕಾರಾ ಇಸ್ತ್ರಿಪೆಟ್ಟಿಗೆಯಾ? ಯಾವನೋ ಹಳೆ ಓನರ್ ಮಾಡಿದ ಕಳ್ಳ ವೈರಿಂಗ್. ಬೆಂಕಿ ಹಿಡಿದೀತು. ಕಟ್ ಮಾಡಿ ಬಿಸಾಡು, ಖಲಾಸ್." ಚಳಿಗೆ ಏನೋ ಬೇಕಂತೆ ಎಂದು ನೀನು ಗೊಣಗಿದೆ. ಮೂವತ್ತು ವರ್ಷದ ಮೆಕ್ಯಾನಿಕಿಗೆ ಕಲಿಸ್ತೀಯಾ ಎಂದರು. ಮರುದಿನ ನೀನು ಕತ್ತರಿಸಿದೆ.

ಅವರದ್ದು ತಪ್ಪೇ. ಆದರೂ ನೋಡು, ಈ ಊರಿನ ಗ್ಯಾರೇಜಿನಲ್ಲಿ ಅವರು ಜೀವಮಾನವಿಡೀ ಕುದಿಯುವ ರೇಡಿಯೇಟರಿಗೆ ನೀರು ಹೊಯ್ದವರು. ಎಂಜಿನಿಗೆ ಬಿಸಿಯೇ ಶತ್ರು ಎಂದು ತಿಳಿದವರು. ಎಂಜಿನಿಗೂ ಚಳಿಯಾಗುತ್ತದೆ, ಅದರ ಹೊಟ್ಟೆಯೊಳಗೆ ನಾವು ಬಕೆಟ್ಟಿನ ನೀರು ಕಾಯಿಸುವ ಕಾಯಿಲಿನಂಥ ಹೀಟರು ಇರುತ್ತದೆ, ಮನೆಯ ಕರೆಂಟಿಗೆ ಸಿಕ್ಕಿಸಿ ಬೆಚ್ಚಗಿಡಬೇಕು ಎಂದು ಅವರಿಗೆ ಯಾರು ಹೇಳಬೇಕಿತ್ತು? ಇಲ್ಲಿ ಹದಿನಾಲ್ಕು ಡಿಗ್ರಿಯಾದರೆ ಸೂಕ್ ವಾಕಿಫ್ ಪೇಟೆಯಲ್ಲಿ ಜನ ಶಾಲು ಹೊದ್ದು ನಡುಗುತ್ತಾರೆ.

ಸತ್ಯ ತಿಳಿದ ಮೇಲೆ ಎರಡು ದಿನ ಗ್ಯಾರೇಜಿಗೆ ಹೋಗಲಿಲ್ಲ. ಮೂರನೆಯ ದಿನದಿಂದ ಕನ್ನಡಕ ಏರಿಸಿ ಫೋನಿನಲ್ಲಿ ಕೆನಡಾದ ಮೆಕ್ಯಾನಿಕರ ವೀಡಿಯೋ. ಇಂಗ್ಲಿಷು ಅರ್ಥವಾಗದಿದ್ದಲ್ಲಿ ಹಿಂದಕ್ಕೆ ಸರಿಸಿ ಮತ್ತೆ. ಆಮೇಲೆ ಮಾಡಿದ ಕೆಲಸ ಕೇಳಿದರೆ ನಗುತ್ತೀಯೋ ಅಳುತ್ತೀಯೋ. ಮೀನಿನ ಕೋಲ್ಡ್ ಸ್ಟೋರೇಜಿನ ಸುಲೈಮಾನ್ ಗೊತ್ತಲ್ಲ, ಒಂದು ಹಳೆಯ ಎಂಜಿನನ್ನು ಪಿಕಪ್ಪಿನಲ್ಲಿ ಅವನಲ್ಲಿಗೆ ಸಾಗಿಸಿ, ಅಂಜಲ್ ಮೀನಿನ ಪೆಟ್ಟಿಗೆಗಳ ನಡುವೆ ಮೈನಸ್ ಇಪ್ಪತ್ತರಲ್ಲಿ ಎರಡು ದಿನ ಇಟ್ಟರು. ತೆಗೆದಾಗ ಆಯಿಲು ಜೇನಿನ ಹಾಗೆ ದಪ್ಪವಾಗಿತ್ತಂತೆ. ಕೈಯಿಂದ ತಿರುಗಿಸಿದರೆ ಎಂಜಿನು ಅಲುಗಲಿಲ್ಲವಂತೆ.

ಅಷ್ಟಕ್ಕೇ ಮುಗಿಸಿ ಬಂದಿದ್ದರೆ ಚೆನ್ನಾಗಿತ್ತು. ಬಾಪನ ಮೇಲೆ ದೂರು ಹೇಳಲು ಸುಲೈಮಾನ್ ನನಗೆ ಫೋನ್ ಮಾಡಿದ. "ಅಕ್ಕ, ಹಮೀದಾಕನಿಗೆ ಮಂಡೆ ಸಮ ಇಲ್ವಾ? ಗ್ಲೌಸ್ ತೆಗೆದಿಟ್ಟು ಐಸ್ ರೂಮಿನಲ್ಲಿ ನಿಂತಿದ್ದಾರೆ. ನಲವತ್ತು ನಿಮಿಷ ಆಗ್ಬೇಕು ಅಂತಾರೆ." ಹನ್ನೆರಡು ನಿಮಿಷಕ್ಕೆ ಅವನೇ ರಟ್ಟೆ ಹಿಡಿದು ಹೊರಗೆಳೆದನಂತೆ. ಶುಗರು ಇರುವ ಮನುಷ್ಯ! ಮನೆಗೆ ಬಂದ ಮೇಲೆ ಬಾಯಿಗೆ ಬಂದ ಹಾಗೆ ಬೈದೆ. ಅವರು ಕೈ ನೋಡುತ್ತ ಕುಳಿತರು. ಹನ್ನೆರಡಕ್ಕೇ ಹೀಗಾದರೆ ಅವಳಿಗೆ ಎಷ್ಟು ನೋವಾಗಿರಬೇಕು ಝೈನಬಾ, ಎಂದರು. ನಾನು ಆ ಕೈ ಹಿಡಿದು ಉಜ್ಜತೊಡಗಿದೆ.

ಡಬ್ಬದಲ್ಲಿ ಉಣ್ಣೆಯ ಒಳಪದರದ ಚರ್ಮದ ಗ್ಲೌಸಿದೆ, ನಿನ್ನ ಕೈಗೆ ದೊಡ್ಡದಾದೀತು. ಬಾಪನ ಕೈಬರಹದ ಚೀಟಿಯೂ ಇದೆ. ಹೊಸ ವೈರನ್ನು ಇಲ್ಲೇ ಮಾಡಿ ಕಳಿಸುವ ಯೋಚನೆಯಿತ್ತು. ಅಲ್ಲಿಯ ಕರೆಂಟು ಬೇರೆ, ಪ್ಲಗ್ಗೂ ಬೇರೆ ಎಂದು ಸಿರಿಲ್ ಅಂಕಲ್ ತಡೆದರು. ಕೂಲೆಂಟು, ಬ್ಯಾಟರಿ ಎಂದು ಚೀಟಿಯಲ್ಲಿ ಏನೇನೋ ಇದೆ, ಆದರೆ ಕೊನೆಯ ಸಾಲು ಮಾತ್ರ ಮರೆಯದೆ ಓದು. ಅಲ್ಲಿಯ ಮೆಕ್ಯಾನಿಕ್ ಹೇಳಿದ ಹಾಗೆ ಮಾಡು, ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ಎಂದು ಬರೆದಿದ್ದಾರೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಇನ್ನೊಬ್ಬ ಮೆಕ್ಯಾನಿಕನ ಬಗ್ಗೆ ಅವರ ಬಾಯಲ್ಲಿ ಒಳ್ಳೆಯ ಮಾತು ನಾನು ಕೇಳಿರಲಿಲ್ಲ.

ಆದ್ದರಿಂದ ಮಗಳೇ, ನೀನೇ ಒಂದು ಹೆಜ್ಜೆ ಮುಂದಿಡು. ಅವರ ನಂಬರಿಗೇ ನೇರ ಫೋನ್ ಮಾಡು. ಬೆರಳಿನ ವಿಷಯ ಎತ್ತಬೇಡ. ಕಾರಿನಲ್ಲಿ ಏನೋ ಟಕಟಕ ಶಬ್ದ ಬರುತ್ತಿದೆ ಎಂದು ಹೇಳು, ಬರದಿದ್ದರೂ ಹೇಳು. ಬೆರಳಿಗೆ ದಿನಾ ಕೊಬ್ಬರಿ ಎಣ್ಣೆ ಸವರು.

ನಿನ್ನನ್ನು ಎದೆಗವಚಿಕೊಳ್ಳಲು ಕಾಯುತ್ತಿರುವ
ಉಮ್ಮ, ಝೈನಬ

ತಾ.ಕ.: ಸಹಿ ಹಾಕಿದ ಮೇಲೂ ಪೆನ್ನು ಕೆಳಗಿಡಲಾಗುತ್ತಿಲ್ಲ. ಆ ಮರುದಿನ, ವೈರು ಕತ್ತರಿಸುವ ಮೊದಲು, ನೀನು ನನಗೊಂದು ಮೆಸೇಜು ಕಳಿಸಿದ್ದೆ. ಇದು ಚಳಿಗಾಲಕ್ಕೆ ಬೇಕೇ ಬೇಕು ಎಂದು ಕಾರು ಮಾರಿದವನು ಹೇಳುತ್ತಾನೆ, ಬಾಪನನ್ನು ಇನ್ನೊಮ್ಮೆ ಕೇಳಿ ಹೇಳು ಎಂದು. ನಾನು ಕೇಳಲಿಲ್ಲ. ಅವರು ಊಟಕ್ಕೆ ಕುಳಿತಿದ್ದರು, ಬಹಳ ದಿನದ ಮೇಲೆ ಖುಷಿಯಲ್ಲಿದ್ದರು. ಮಗಳು ತನ್ನನ್ನು ನಂಬಲಿಲ್ಲ ಎಂದು ನೊಂದುಕೊಳ್ಳುವುದು ಬೇಡವೆಂದು, ಬಾಪ ಹೇಳಿದ ಹಾಗೆ ಮಾಡು ಎಂದು ನಾನೇ ಉತ್ತರ ಕೊಟ್ಟೆ. ನೀನು ಅದನ್ನು ಈವರೆಗೆ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಐಸ್ ರೂಮಿನಿಂದ ಬಂದ ಅವರ ಕೈ ಉಜ್ಜುವಾಗಲೂ ಹೇಳಲಿಲ್ಲ. ಅಸರ್ ನಮಾಜು ಮುಗಿಸಿ ಅವರು ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದೆ. ಕಾಗದವನ್ನು ಡಬ್ಬದ ತಳದಲ್ಲಿ ಅಡಗಿಸುವುದಿಲ್ಲ, ಅವರ ಕೈಗೇ ಕೊಡುತ್ತೇನೆ. ಇದು ನಿನಗೆ ತಲುಪಿದರೆ ಬಾಪ ಓದಿದ್ದಾರೆಂದು ತಿಳಿದುಕೊಂಡು ಫೋನ್ ಮಾಡು. ಈ ಸಲ ಸೋಫಾದಲ್ಲಿ ಸುಮ್ಮನೆ ಕುಳಿತು ಕೇಳುವ ಸರದಿ ನನ್ನದು.