ಬಿಲದ ಕಲ್ಲು

ಮಾರ್ಚ್ 4, ಸೋಮವಾರ

ಏಳನೇ ಪಕ್ಕೆಲುಬು ಮುಗಿಯಿತು. ಎಂಟನೆಯದರ ಮೇಲಿನ ಮಣ್ಣು ಬಿಡಿಸಬೇಕು. ಮಣ್ಣು ಅನ್ನುವುದು ಹೆಸರಿಗೆ — ಕಲ್ಲಿಗಿಂತ ಕಲ್ಲು. ಕಬ್ಬಿಣದ ಅಂಶ ಜಾಸ್ತಿ, ಅದಕ್ಕೇ ಇಟ್ಟಿಗೆ ಬಣ್ಣ. ಎಲುಬೂ ಅದೇ ಬಣ್ಣ. ಮ್ಯೂಸಿಯಮ್ಮಿನ ಈ ನೆಲಮಾಳಿಗೆಯಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷ ಕಲ್ಲಿನಿಂದ ಎಲುಬು ಬಿಡಿಸಿದ್ದೇನೆ. ಇಂಥ ಹಟಮಾರಿಯನ್ನು ಕಂಡಿಲ್ಲ.

ದಿಂಬಿನಷ್ಟು ದೊಡ್ಡ ಕಲ್ಲು. ಅಸಲಿಗೆ ಅದೊಂದು ಬಿಲ. ಇಪ್ಪತ್ತೈದು ಕೋಟಿ ವರ್ಷದ ಹಿಂದೆ ನೆರೆಯ ಕೆಸರು ನುಗ್ಗಿ ತುಂಬಿಕೊಂಡಿತು. ಒಳಗೆ ಮಲಗಿದ್ದದ್ದು ಮಲಗಿದ ಹಾಗೇ ಇದೆ. ಬೆಕ್ಕಿನ ಗಾತ್ರ, ಸುರುಳಿ ಸುತ್ತಿಕೊಂಡು, ಮೂಗು ಬಾಲದಡಿ. ಸೈನೊಡಾಂಟ್. ಡೈನೋಸಾರ್‌ಗಳಿಗೂ ಮುಂಚಿನದು. ಹಲ್ಲಿಯೂ ಅಲ್ಲ, ಇಲಿಯೂ ಅಲ್ಲ — ಹಾಲೂಡಿಸುವ ನಮ್ಮಂಥವರಿಗೆ ದೂರದ ದಾಯಾದಿ. ಶಾಲೆ ಮಕ್ಕಳು ಬಂದರೆ ಹೇಳುತ್ತೇನೆ: "ನಿಮ್ಮಜ್ಜಿಯ ಅಜ್ಜಿಯ ಅಜ್ಜಿಯ... ಹೀಗೇ ಸಂಜೆ ತನಕ ಹೇಳ್ತಾ ಹೋಗಿ, ಆಗ ಸಿಗೋ ಅಜ್ಜಿಗೆ ಇವಳು ಚಿಕ್ಕಮ್ಮ."

ಆ ಹೆಸರೇ ಅಂಟಿಕೊಂಡಿತು. ಚಿಕ್ಕಮ್ಮ.

ಇಡೀ ದಿನ ಗಾಳಿಪೆನ್ನು ಹಿಡಿದು ಕೈ ಜುಂ ಎನ್ನುತ್ತಿದೆ. ಕಂಪ್ರೆಸರಿನ ಗಾಳಿಗೆ ಅದರ ಸೂಜಿ ಅದುರಿ ಅದುರಿ ಕಲ್ಲು ಕೆರೆಯುತ್ತದೆ; ಆಫ್ ಮಾಡಿದ ಮೇಲೂ ಅದುರು ಕೈಯಲ್ಲೇ ಮನೆಗೆ ಬರುತ್ತದೆ. ಲೋಟದ ಚಹಾ ತುಳುಕಿತು. ಇವರು, "ಏನೇ, ಕೈಯಲ್ಲಿ ಜೇನುಗೂಡು ತಂದಿದೀಯಾ?" ಅಂದರು.

ಮಾರ್ಚ್ 8, ಶುಕ್ರವಾರ

ಇವರ ಟೈಲರಿಂಗ್ ಅಂಗಡಿಗೆ ಊಟದ ಡಬ್ಬಿ ಕೊಡಲು ಹೋದೆ. "ಈ ಸೂಜಿಗೊಂದು ದಾರ ಪೋಣಿಸೇ" ಅಂದರು. ಮೂರು ಸಲ ತಪ್ಪಿತು. "ಕೈ ಜುಂ ಅಂತಿದೆ" ಅಂದೆ. ಸುಳ್ಳು. ದಾರ ನೆಟ್ಟಗಿತ್ತು, ನಡುವೆ ಮಾತ್ರ ಬಾಗಿ ಕಂಡಿತು. ಬಾಗಿಲ ಚೌಕಟ್ಟೂ ಹಾಗೆಯೇ.

ಕಣ್ಣಿನ ಡಾಕ್ಟರ ಹತ್ತಿರ ಕದ್ದು ಹೋಗಿಬಂದಿದ್ದೆ. ಎಡಗಣ್ಣಿನ ನಟ್ಟನಡುವಿನ ನೋಟ ಹೋಗಿದೆಯಂತೆ. ಬಲಗಣ್ಣಿನಲ್ಲಿ ಶುರುವಂತೆ. "ಕಾಣದ ಜಾಗ ಖಾಲಿ ಕಾಣಲ್ಲಮ್ಮ. ಸುತ್ತ ಏನಿದೆಯೋ ಅದನ್ನೇ ತಗೊಂಡು ಮೆದುಳು ತೇಪೆ ಹಾಕಿಬಿಡುತ್ತೆ" ಅಂದರು.

ತೇಪೆಯ ವಿಷಯ ಟೈಲರ್ ಹೆಂಡತಿಗೆ ಹೇಳುತ್ತಾರೆ!

ಮ್ಯೂಸಿಯಮ್ಮಿನ ಮೇಡಂಗೆ ಹೇಳಿದರೆ ಅವತ್ತೇ ಬೆಂಚಿನಿಂದ ಎಬ್ಬಿಸುತ್ತಾರೆ. ಎಬ್ಬಿಸಲೇಬೇಕು. ಚಿಕ್ಕಮ್ಮ ಹೊರಗೆ ಬರಲಿ, ಆಮೇಲೆ ಹೇಳುತ್ತೇನೆ. ಇಲ್ಲಿ ಬರೆದಿಟ್ಟಿದ್ದೇನಲ್ಲ, ಸದ್ಯಕ್ಕೆ ಸಾಕು.

ಮಾರ್ಚ್ 12, ಮಂಗಳವಾರ

ಮರಿ!!

ಎಡ ಪಕ್ಕೆಲುಬಿನ ಕೆಳಗೆ. ಮೊದಲು ದವಡೆಯ ಅಂಚು, ಆಮೇಲೆ ಕಣ್ಣಿನ ಗೂಡು. ಮೂವತ್ತೊಂದು ಮಿಲಿಮೀಟರ್ ತಲೆ. ತಾಯಿಯ ಹೊಟ್ಟೆಗೆ ಮುಖ ಒತ್ತಿಕೊಂಡಿದೆ. ಅಕ್ಕಿನುಚ್ಚಿನಂಥ ಹಲ್ಲು, ಮೂರನೆಯದು ಇಲ್ಲ.

ಮೇಡಂ ಓಡಿ ಬಂದರು. ಇಲ್ಲಿನ ವಿಜ್ಞಾನಿ, ನನಗಿಂತ ಹದಿನೈದು ವರ್ಷ ಚಿಕ್ಕವರು, ಯಾವತ್ತೂ ದನಿ ಏರಿಸಿದವರಲ್ಲ. ಇವತ್ತು ನೆಲದ ಮೇಲೇ ಕೂತುಬಿಟ್ಟರು. "ತಾಯಿ ಜೊತೆ ಬಿಲದಲ್ಲಿ ಮರಿ ಮಲಗಿದೆ ಕಣ್ರೀ. ಆ ಕಾಲದಲ್ಲೇ ಸಾಕ್ತಿದ್ವು ಅಂದ ಹಾಗಾಯ್ತು. ಇದರ ಅರ್ಥ ಗೊತ್ತಾಗ್ತಿದೆಯಾ ನಿಮಗೆ?"

"ಬೆಟ್ಟ ಅಗೆದು ಇಲಿ ಹಿಡಿದ್ವಿ ಅಂತ" ಅಂದೆ. ಅಳುತ್ತಲೇ ನಕ್ಕರು.

ಕಲ್ಲಿನ ಒಳಗು ನೋಡಲು ಮೊದಲೇ ತೆಗೆಸಿದ್ದ ಹಳೇ ಸ್ಕ್ಯಾನಿನಲ್ಲಿ ಮರಿ ಇಲ್ಲ. ಕಬ್ಬಿಣದ ದೆಸೆಯಿಂದ ಅದರಲ್ಲಿ ಎಲ್ಲ ಬರೀ ಬಿಳಿ ಮಂಜು. ಬೇರೆ ಊರಿನ ದೊಡ್ಡ ಸ್ಕ್ಯಾನ್ ಯಂತ್ರದಲ್ಲಿ ಏಪ್ರಿಲ್ 4ಕ್ಕೆ ದಿನ ಸಿಕ್ಕಿದೆ.

ಮಾರ್ಚ್ 19, ಮಂಗಳವಾರ

ಮರಿಯ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗುತ್ತಿದೆ. ಯೋಚಿಸುವ ಮೊದಲೇ ಕೈ ಹೋಗುತ್ತದೆ. ಕೊರಳು ಹೀಗೆ ಹೊರಳಿರಬೇಕು ಅಂದುಕೊಂಡರೆ ಹಾಗೇ ಹೊರಳಿರುತ್ತದೆ. ಯಾಕೋ ಅದೇ ಹಿಡಿಸುತ್ತಿಲ್ಲ.

ಇನ್ನೊಂದು. ಪೆನ್ನು ಆಫ್ ಮಾಡಿ ಎಡಗೈಯನ್ನು ಕಲ್ಲಿನ ಮೇಲೆ ಊರಿದೆ. ಜುಂ ಎಂದಿತು. ಕೈ ತೆಗೆದೆ, ನಿಂತಿತು. ಮತ್ತೆ ಇಟ್ಟೆ, ಜುಂ. ನಾನು ಪೆನ್ನು ಹಿಡಿಯುವುದು ಬಲಗೈಯಲ್ಲಿ.

ನರದ ಆಟ. ವಯಸ್ಸಾಯಿತು.

ಮಾರ್ಚ್ 20, ಬುಧವಾರ

ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ, ಹೆಚ್ಚಿನ ಲೆನ್ಸ್ ಹಾಕಿ ಮರಿಯನ್ನು ನೋಡಿದೆ.

ಮರಳು. ಹಲ್ಲಿನೊಳಗೆ ಮರಳು. ದವಡೆಯೊಳಗೆ, ಕಣ್ಣಿನ ಗೂಡಿನ ಅಂಚಿನಲ್ಲಿ, ಎಲ್ಲ ಕಡೆ ಮರಳಿನ ಕಣ. ಎಲುಬಿಗೆ ಎಳೆ ಇರುತ್ತದೆ, ಸೂಜಿಮೊನೆಯಂಥ ರಂಧ್ರಗಳಿರುತ್ತವೆ. ಇದರಲ್ಲಿ ಒಂದೂ ಇಲ್ಲ. ಇದು ಬರೀ ಕಲ್ಲು.

ನಾನೇ ಕೆತ್ತಿದೆ.

ನನಗೆ ಕೆಲಸ ಕಲಿಸಿದ ಗುರುಗಳು ದಿನಾ ಹೇಳುತ್ತಿದ್ದರು: "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಎಲುಬು ಮುರಿದ್ರೆ ಅಂಟಿಸಬಹುದು ಕಣಮ್ಮಾ. ಇಲ್ಲದ ಎಲುಬು ಮಾಡಿಬಿಟ್ರೆ?" ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಕಲ್ಲೂ ಎಲುಬೂ ಒಂದೇ ಬಣ್ಣವಿದ್ದಾಗ ಆಸೆ ಹೇಳಿದ ಕಡೆ ಸೂಜಿ ಹೋಗುತ್ತದೆ. ಉಳಿದದ್ದಕ್ಕೆ ಕಣ್ಣು ತೇಪೆ ಹಾಕಿತು.

ಮೇಡಂ ಆಗಲೇ ಫೋಟೋ ಎಲ್ಲರಿಗೂ ಕಳಿಸಿದ್ದಾರೆ. ಮೇಲಿನ ಗಾಜಿನ ಕಪಾಟಿನಲ್ಲಿ ನಾನು ಬಿಡಿಸಿದ ನಲವತ್ತು ತಲೆಬುರುಡೆಗಳಿವೆ. ಅವುಗಳಲ್ಲಿ ಎಷ್ಟು ನನ್ನ ಕೆತ್ತನೆ? ಬಾತ್ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 3, ಬುಧವಾರ

ಹದಿನಾಲ್ಕು ದಿನ ಬರೆದಿಲ್ಲ. ಯಾರಿಗೂ ಹೇಳಿಯೂ ಇಲ್ಲ. ಮೇಡಂ ದಿನಾ ಬಂದು ಮರಿಯನ್ನು ನೋಡಿ ಹೋಗುತ್ತಾರೆ. ನಾನು ತಲೆ ಬಗ್ಗಿಸಿ ಬ್ರಷ್ ತೊಳೆಯುತ್ತೇನೆ.

ಬೆಳಿಗ್ಗೆ ಇವರು ಕಣ್ಣಿನ ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟರು. "ಸೂಜಿಗೆ ದಾರ ಹೋಗದಿದ್ದಾಗಲೇ ಗೊತ್ತಾಯ್ತು ಕಣೇ. ನೀನಾಗೇ ಹೇಳ್ತೀಯ ಅಂತ ಕಾದೆ."

ತಡೆಯಲಾಗಲಿಲ್ಲ. ಮರಿಯ ವಿಷಯವನ್ನೂ ಹೇಳಿದೆ. ಟೇಪು ಸುತ್ತಿಟ್ಟರು. "ತಪ್ಪು ಅಳತೆಗೆ ಕತ್ತರಿಸಿದ ಬಟ್ಟೆನ ಮುಚ್ಚಿಟ್ಟು ಹೊಲಿದೆ ಅಂದ್ಕೋ. ಗಿರಾಕಿ ತೊಟ್ಟ ದಿನ ಗೊತ್ತಾಗೇ ಆಗುತ್ತೆ. ಹೋಗಿ ಹೇಳು. ಬೈದ್ರೆ ಬೈಸ್ಕೊಂಡು ಬಾ, ಊಟ ಬಿಸಿ ಮಾಡಿಟ್ಟಿರ್ತೀನಿ."

ಏಪ್ರಿಲ್ 4, ಗುರುವಾರ

ಹೇಳಿದೆ. ಕಣ್ಣಿನದೂ, ಮರಿ ನಾನೇ ಕೆತ್ತಿದ್ದು ಅನ್ನುವುದೂ. ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನಲ್ಲಿ, ಕಲ್ಲು ಒಳಗೆ ಹೋದ ಮೇಲೆ.

"ಪೂರ್ತಿನಾ?" ಅಂದರು ಮೇಡಂ.

"ಪೂರ್ತಿ. ತಲೆಯಿಂದ ಹಲ್ಲಿನ ತನಕ. ತಪ್ಪಾಯ್ತು ಮೇಡಂ."

ಅವರ ಮುಖ ಸುಣ್ಣ ಬಳಿದ ಹಾಗಾಯಿತು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ವಾಪಸು ಬರಲು ಕಾರಿನಲ್ಲಿ ಮೂರು ಗಂಟೆ. ಕಲ್ಲು ನನ್ನ ತೊಡೆಯ ಮೇಲಿತ್ತು. ರಸ್ತೆಯ ಕುಲುಕಾಟವೋ ಏನೋ — ಮನೆಗೆ ಬಂದ ಮೇಲೂ ತೊಡೆ ಜುಂ ಎನ್ನುತ್ತಿತ್ತು.

ಏಪ್ರಿಲ್ 11, ಗುರುವಾರ

ಸ್ಕ್ಯಾನ್ ಬಂತು. ಮೇಡಂ ನೆಲಮಾಳಿಗೆಗೆ ಬಂದು ಬಾಗಿಲು ಹಾಕಿಕೊಂಡರು. ಲ್ಯಾಪ್‌ಟಾಪ್ ತೆರೆದರು.

ನನ್ನ ಮರಿ ಬರೀ ಕಲ್ಲು. ಅನುಮಾನವೇ ಇಲ್ಲ.

"ಈಗ ಇಲ್ನೋಡಿ" ಅಂದರು. ಚಿತ್ರವನ್ನು ತಿರುಗಿಸಿದರು. ಬಲಗಡೆ, ನಾನು ಸೂಜಿ ಮುಟ್ಟಿಸದ ಕಡೆ, ಎರಡು ಬೆರಳು ಆಳದಲ್ಲಿ ಇನ್ನೊಂದು. ಇದು ಎಲುಬು. ತಾಯಿಯ ಹೊಟ್ಟೆಗೆ ಮುಖ ಒತ್ತಿಕೊಂಡಿದೆ. ಕೊರಳು ಅದೇ ಹೊರಳು. ಮೇಡಂ ಅಳತೆ ತೋರಿಸಿದರು: ಮೂವತ್ತೊಂದು ಮಿಲಿಮೀಟರ್. ಮೂರನೇ ಹಲ್ಲಿಲ್ಲ.

ಮೈ ಜುಮ್ಮೆಂದಿತು.

"ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿರಲಿಲ್ಲ ಮೇಡಂ."

ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಅದನ್ನೇ ಹೇಳಿದೆ. ನಾಲ್ಕನೇ ಸಲ ಅವರ ಕುರ್ಚಿ ನನ್ನಿಂದ ಗೇಣುದ್ದ ದೂರವಿತ್ತು. ಯಾವಾಗ ಸರಿಸಿಕೊಂಡರೋ.

ಹೋಗುವಾಗ ಬಾಗಿಲಲ್ಲಿ ನಿಂತು, "ಮುಂದಿನ ತಿಂಗಳು ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ" ಅಂದರು. ಸರಿ ಅಂದೆ. ಸರಿಯೇ ತಾನೇ. "ಆದ್ರೆ ಇದೊಂದನ್ನ ನೀವೇ ತೆಗೀಬೇಕು."

"ಕಣ್ಣಿಲ್ಲ ಮೇಡಂ. ನನ್ನನ್ನ ಹೇಗೆ ನಂಬ್ತೀರಿ?"

"ಪಕ್ಕದಲ್ಲಿ ಕೂತಿರ್ತೀನಿ. ಕಣ್ಣು ನನ್ನದು, ಕೈ ನಿಮ್ಮದು."

ಏಪ್ರಿಲ್ 22, ಸೋಮವಾರ, ಬೆಳಿಗ್ಗೆ 10.40

ಎಂಟನೇ ದಿನ. ಬೆಂಚಿನಲ್ಲೇ ಬರೆಯುತ್ತಿದ್ದೇನೆ. ಇನ್ನು ಉಗುರಿನಷ್ಟು ತೆಳ್ಳಗಿನ ಪದರು ಉಳಿದಿದೆ. ಮೇಡಂ ಸ್ಕ್ಯಾನ್ ನೋಡಿ "ಎಡಕ್ಕೆ, ಸಾಕು, ನಿಲ್ಲಿ" ಅನ್ನುತ್ತಾರೆ. ಅವರು ಹೇಳುವ ಮೊದಲೇ ನನ್ನ ಕೈ ನಿಂತಿರುತ್ತದೆ. ಇಬ್ಬರೂ ಅದರ ಮಾತೆತ್ತುವುದಿಲ್ಲ.

11.15

ಕಲ್ಲಿನ ಮೇಲಿಟ್ಟ ಎಡಗೈ ಮತ್ತೆ ಜುಂ. ಈ ಸಲ ಒಂದೇ ಸಮ ಅಲ್ಲ. ತುಸು ಹೊತ್ತು, ನಿಲುಗಡೆ. ಮತ್ತೆ ತುಸು ಹೊತ್ತು. ಕೆರೆದ ಹಾಗೆ.

ಕಂಪ್ರೆಸರ್ ಆಫ್ ಮಾಡಿದೆ. ಪ್ಲಗ್ ಕಿತ್ತು ಮಡಿಲಲ್ಲಿಟ್ಟುಕೊಂಡೆ. ಕಣ್ಣನ್ನು ನಂಬಿ ಒಂದು ಸಲ ಕೆಟ್ಟೆ. ಈಗ ಕೈಯೂ ಸುಳ್ಳು ಹೇಳುತ್ತಿದ್ದರೆ ನನ್ನಲ್ಲಿ ಇನ್ನೇನು ಉಳಿಯಿತು? ಅಳು ಬರುತ್ತಿದೆ. ಪ್ರಮಾಣಿಸಿ ನೋಡು ಅಂದಿದ್ದರಲ್ಲ ಗುರುಗಳು. ಮೇಡಂಗೆ ಹೇಳುತ್ತೇನೆ, ಅವರೇ ಮುಟ್ಟಿ ನೋಡಲಿ. ಏನೂ ಇಲ್ಲ ಅಂದರೆ ಸೂಜಿ ಕೆಳಗಿಟ್ಟು ಇವತ್ತೇ ಮನೆಗೆ.

11.20

"ಒಂದ್ನಿಮಿಷ ಇಲ್ಲಿ ಕೈ ಇಡಿ ಮೇಡಂ" ಅಂದೆ. ಯಾಕೆ ಅಂತ ಹೇಳಲಿಲ್ಲ. ಇಟ್ಟರು. ಸ್ಕ್ರೀನ್ ನೋಡುತ್ತಲೇ ಇದ್ದಾರೆ.

"ಪೆನ್ ಆಫ್ ಮಾಡ್ರೀ" ಅಂದರು.

ಪ್ಲಗ್ ಎತ್ತಿ ತೋರಿಸಿದೆ. ನೋಡಿದರು. ಕೈ ತೆಗೆಯುತ್ತಿಲ್ಲ. ತೆಗೀರಿ ಅಂದರೂ ತೆಗೆಯುತ್ತಿಲ್ಲ. ಅವರ ಬೆರಳ ಸಂದಿಯಲ್ಲಿ, ಆ ತೆಳ್ಳನೆ ಪದರು ಒಳಗಿನಿಂದ ಬಿರಿಯುತ್ತಿದೆ —