ಬರ್ತೀನಿ ಎಂದ ತಪ್ಪಿಗೆ

ಚಿತ್ರದುರ್ಗ
ಫೆಬ್ರುವರಿ ಮೂವತ್ತು, ೨೧೭೯

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ಓಬಳಮ್ಮನ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ಓದಿ ಓದಿ ಕಲಿತು ಬರೆಯುತ್ತಿದ್ದೇನೆ. ಈ ಕಾಗದ ನಿಮಗೆ ತಲುಪುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಕೊಂಡ ಅಜ್ಜಿಗೆ ಬರೆಯುತ್ತಾರೆ. ನಾನು ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆಂದರೆ ನನಗೆ ಬೇರೆ ದಾರಿ ಉಳಿದಿಲ್ಲ.

ನಾನು ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ರಿಪೇರಿ ಮಾಡುವವಳು. ನಾಳೆ ಬೆಳಿಗ್ಗೆ ನನ್ನನ್ನು ತುದಿಗೆ ಕರೆದೊಯ್ಯುತ್ತಾರೆ. ನೀವು ದಕ್ಷಿಣ ಧ್ರುವ ಎನ್ನುವುದನ್ನು ನಾವು ತುದಿ ಎನ್ನುತ್ತೇವೆ. ಅಲ್ಲಿಯ ಹಿಮದಲ್ಲಿ ನೆಟ್ಟ ಗಾಳಿಯಂತ್ರಗಳನ್ನು ಆರು ವರ್ಷ ನೋಡಿಕೊಳ್ಳಬೇಕು. ನಡುವೆ ರಜೆಯಿಲ್ಲ, ಅಲ್ಲಿಂದ ಮನೆಗೆ ಮಾತೂ ತಲುಪುವುದಿಲ್ಲ. ನನ್ನ ಮಗಳು ಸೂರಕ್ಕನಿಗೆ ಈಗ ಐದು ವರ್ಷ.

ಈ ಕೆಲಸವನ್ನು ನಾನು ಒಪ್ಪಿರಲಿಲ್ಲ. ಬೇಡ ಎನ್ನಲೆಂದೇ ಕೆಲಸಕ್ಕೆ ಕರೆದವರ ಕಚೇರಿಗೆ ಹೋಗಿದ್ದೆ. ನಮ್ಮ ಕಾಲದಲ್ಲಿ ಸಹಿ ಎಂಬುದಿಲ್ಲ. ಒಪ್ಪುಗಿವಿ ಎಂಬ ಯಂತ್ರ ಎದುರಿಗಿದ್ದು ನಾವಾಡಿದ್ದನ್ನು ಕೇಳಿಸಿಕೊಳ್ಳುತ್ತದೆ, ಕೊನೆಗೆ ಆಡಿದ ಮಾತೇ ಒಪ್ಪಂದ, ಅದರ ಹಿಂದಿನದೆಲ್ಲ ಚೌಕಾಸಿ. ಅಧಿಕಾರಿ ದೂರದೇಶದವಳು, ಕನ್ನಡ ಬಾರದು, ಆ ಯಂತ್ರ ಅವಳ ಭಾಷೆಗೆ ತಿರುಗಿಸಿ ಹೇಳಿದ್ದಷ್ಟೇ ಅವಳಿಗೆ ತಿಳಿಯುವುದು. ಒಳ್ಳೆಯ ಹೆಂಗಸು, ಕುಡಿಯಲು ನೀರು ಕೊಟ್ಟಳು. ಮಗು ಚಿಕ್ಕದು, ನನ್ನಿಂದಾಗದು ಎಂದು ಬಾಯಿ ಒಣಗುವವರೆಗೆ ಹೇಳಿದೆ. ಅವಳು ತಲೆಯಾಡಿಸಿದಳು. ಸದ್ಯ, ಬಚಾವಾದೆ ಎಂದುಕೊಂಡು ಎದ್ದೆ. ಬಾಗಿಲ ಬಳಿ ತಿರುಗಿ ಕೈಮುಗಿದು, ಹುಟ್ಟಿದಾಗಿನಿಂದ ಬಾಯಿಗೆ ಹತ್ತಿದ ರೂಢಿಯಂತೆ, "ಬರ್ತೀನಮ್ಮ" ಎಂದೆ.

ಬರುತ್ತೇನೆಂದು ಒಪ್ಪಿದಳು ಎಂದು ಒಪ್ಪುಗಿವಿ ಬರೆದುಕೊಂಡಿತು.

ಆಮೇಲೆ ನಾನು ಹತ್ತದ ಮೆಟ್ಟಿಲಿಲ್ಲ. ಹೊರಡುವಾಗ ಹೋಗ್ತೀನಿ ಎನ್ನಬಾರದು, ಅದು ಅಪಶಕುನ, ಅದಕ್ಕೇ ನಾವು ಬರ್ತೀನಿ ಎನ್ನುತ್ತೇವೆ ಎಂದು ಎಲ್ಲರಿಗೂ ವಿವರಿಸಿದೆ. ಹೋಗುವವರು ಬರುತ್ತೇನೆ ಎನ್ನುವುದುಂಟೇ, ಹಾಗೆಂದು ಎಲ್ಲಿ ಬರೆದಿದೆ ತೋರಿಸು ಎಂದರು. ಊರವರ ಸಾಕ್ಷಿ ನಡೆಯಲಿಲ್ಲ, ಎಲ್ಲರೂ ನನ್ನ ಕಡೆಯವರಂತೆ. ನಿಮ್ಮ ಕಾಲದಿಂದ ನಮಗೆ ಉಳಿದು ಬಂದ ಕನ್ನಡ ಬರಹ ಒಂದು ಹಿಡಿಯಷ್ಟು. ಅಷ್ಟನ್ನೂ ಜಾಲಾಡಿದೆ. ಅದರಲ್ಲಿ ಬರುವುದು ಎಂದರೆ ಬರುವುದು, ಅಷ್ಟೇ. ದಿನಕ್ಕೆ ಹತ್ತು ಸಲ ಆಡುವ ಮಾತನ್ನು ಯಾರು ತಾನೇ ಬರೆದಿಡುತ್ತಾರೆ? ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಏನೇನೆಲ್ಲ ಬರೆದಿರಿ, ಇದೊಂದು ಸಾಲು ಬರೆಯಲು ನಿಮಗೇನಾಗಿತ್ತು?

ಈಗ ಗಂಟು ಕಟ್ಟುತ್ತಿದ್ದೇನೆ. ಕಾಳು, ಬೀಜ ಯಾವುದನ್ನೂ ತುದಿಗೆ ಒಯ್ಯುವಂತಿಲ್ಲವೆಂದು ಗುರೆಳ್ಳು ಪುಡಿಯನ್ನೂ ತೆಗೆದಿಡಿಸಿದರು. ತಾನೇ ಬಿಸಿಯಾಗುವ ಅಂಗಿ ಕೊಟ್ಟಿದ್ದಾರೆ, ಬೆಚ್ಚಂಗಿ ಎನ್ನುತ್ತೇವೆ. ಸೂರಕ್ಕ ಅದರೊಳಗೆ ನುಸುಳಿ ಕೂತವಳು ಊಟಕ್ಕೆ ಕರೆದರೂ ಹೊರಗೆ ಬರಲೊಲ್ಲಳು. ನನ್ನ ಗಂಡ ಬೋಸಯ್ಯ ಜಡೆ ಹಾಕುವುದನ್ನು ಕಲಿಯುತ್ತಿದ್ದಾನೆ. ಅವನ ದಪ್ಪ ಬೆರಳಿಗೆ ಕೂದಲು ಸಿಕ್ಕಿ ಎಳೆಯುತ್ತದೆ, ಮಗು ನೋವೆಂದು ಹೇಳುವುದಿಲ್ಲ. ನೋಡಲಾಗದೆ ಅಡುಗೆಮನೆಗೆ ಹೋಗಿ ಅತ್ತೆ. ಆರು ವರ್ಷದಲ್ಲಿ ಅವನ ಕೈ ಪಳಗುತ್ತದೆ. ನನ್ನ ಕೈ ಹೇಗಿತ್ತೆಂದು ಆಗ ಅವಳಿಗೆ ನೆನಪಿರುತ್ತದೆಯೇ?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾಳೆ ಕರೆದೊಯ್ಯುವವರು ಒಂದು ಚಿಕ್ಕ ಒಪ್ಪುಗಿವಿಯನ್ನು ಜೊತೆಗೇ ತರುತ್ತಾರೆ. ಅದರೆದುರು ಹೊಸ್ತಿಲಲ್ಲಿ ನಿಂತು ಬರ್ತೀನಿ ಎಂದರೆ ಇನ್ನೂ ಆರು ವರ್ಷಕ್ಕೆ ಒಪ್ಪಿದಂತೆ. ನಾನು ಹೋಗ್ತೀನಿ ಎನ್ನಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡು ಇಳಿಯಬೇಕು. ಸೂರಕ್ಕನಿಗೆ ಇದು ಹೇಗೆ ಅರ್ಥವಾಗಬೇಕು? ಬೆಳಗಿನಿಂದ ಸೆರಗು ಹಿಡಿದು ಹಿಂದೆಯೇ ತಿರುಗುತ್ತಿದ್ದಾಳೆ: "ಅವ್ವಾ, ಹೋಗ್ತೀನಿ ಅನ್ಬ್ಯಾಡ. ಬರ್ತೀನಿ ಅಂತ ಅಂದೇ ಹೋಗವ್ವಾ."

ಕಾಲಿಗೆ ಬೀಳುತ್ತೇನೆ, ಎಲ್ಲಾದರೂ ಬರೆದಿಡಿ. ಪುಸ್ತಕದಲ್ಲಾಗಲಿ, ಗೋಡೆಯ ಮೇಲಾಗಲಿ, ನಿಮ್ಮ ಕಾಲದ ಯಂತ್ರಗಳಿಗೆ ಕಲಿಸುವ ಪಾಠದಲ್ಲಾಗಲಿ, ಕನ್ನಡದವರು ಹೋಗುವಾಗ ಬರ್ತೀನಿ ಎನ್ನುತ್ತಾರೆ ಎಂದು ಒಂದೇ ಸಾಲು. ನೀವು ಬರೆದರೆ ಅದು ಇಲ್ಲಿಗೆ ತಲುಪಿರುತ್ತದೆ. ನಾಳೆ ಗಾಡಿ ಬರುವ ಮುಂಚೆ ಇನ್ನೊಮ್ಮೆ ಹುಡುಕುತ್ತೇನೆ. ಸಿಕ್ಕಿದರೆ ಗಂಟು ಬಿಚ್ಚಿ ಮಗಳ ಜಡೆ ನಾನೇ ಹಾಕುತ್ತೇನೆ.

ಕಾಗದಕ್ಕೆ ಕಿವಿಯಿಲ್ಲ. ಆದ್ದರಿಂದ ಸೂರಕ್ಕನಿಗೆ ಹೇಳಲಾಗದ್ದನ್ನು ನಿಮಗೆ ಹೇಳಿ ಮುಗಿಸುತ್ತೇನೆ.

ಬರ್ತೀನಿ.

ಓಬಳಮ್ಮ