ಟ್ರಾನ್ಸ್‌ಪೋರ್ಟೇಷನ್ ಓದಲು ಡೆಲ್ಲಾಗೆ ಸಿಕ್ಕ ಮೂರು ಸೆಕೆಂಡು

ಮೂರನೇ ತರಗತಿಯ ಓದುವ ಪರೀಕ್ಷೆಗೆ ನಿಯಮ ಬರೆದ ಮಾನ್ಯರೇ,

ನಮ್ಮ ಪೈನ್ ಹಾಲೋ ಶಾಲೆಯ ಒಂಬತ್ತು ವರ್ಷದ ಡೆಲ್ಲಾ ಹ್ಯಾಚರ್ ಒಂದೇ ಒಂದು ಪದದ ಕೊರತೆಯಿಂದ ಫೇಲಾಗಿದ್ದಾಳೆ. ಆಗಸ್ಟಿನಲ್ಲಿ ಶಾಲೆ ಮತ್ತೆ ತೆರೆದಾಗ ಅವಳ ಗೆಳತಿಯರು ನಾಲ್ಕನೇ ತರಗತಿಗೆ ಹೋಗುತ್ತಾರೆ, ಅವಳು ಅದೇ ಹಳೇ ಕೋಣೆಯಲ್ಲಿ ಕೂರುತ್ತಾಳೆ. ನಿಯಮ ನಿಮ್ಮದು, ಸ್ಟಾಪ್‌ವಾಚ್ ಹಿಡಿದ ಕೈ ನನ್ನದು. ಹಾಗಾಗಿ ಇದು ದೂರೂ ಹೌದು, ನನ್ನ ತಪ್ಪೊಪ್ಪಿಗೆಯೂ ಹೌದು.

ಉದ್ದದ ಪದ ಕಂಡರೆ ಡೆಲ್ಲಾ ಮೊದಲು ಬೆಚ್ಚಿಬೀಳುತ್ತಿದ್ದಳು. ಪದ ಬಿಡಿಸುವುದನ್ನು ಇಡೀ ವರ್ಷ ಕೂತು ಕಲಿಸಿದವಳು ನಾನೇ. ಗದ್ದದ ಕೆಳಗೆ ಮುಷ್ಟಿ ಇಟ್ಟುಕೋ, ಪದ ಹೇಳುವಾಗ ಗದ್ದ ಎಷ್ಟು ಸಲ ಮುಷ್ಟಿಗೆ ತಾಗುತ್ತದೋ ಪದಕ್ಕೆ ಅಷ್ಟು ತುಂಡು, ಪ್ರತಿ ತುಂಡಿನ ಕೆಳಗೂ ಪೆನ್ಸಿಲಿನಿಂದ ಬಟ್ಟಲಿನಂಥ ಗೆರೆ ಎಳೆ, ನಿನಗೆ ಅರ್ಥ ಗೊತ್ತಿರುವ ಭಾಗ ಇದೆಯಾ ನೋಡು, ಅವಸರ ಬೇಡ. ಹೀಗೇ ಕಲಿಸಬೇಕೆಂದು ಸುತ್ತೋಲೆ ಕಳಿಸಿದ್ದು ನಿಮ್ಮ ಕಚೇರಿ. ಮಗು ಮೂರು ಸೆಕೆಂಡು ತಡವರಿಸಿದರೆ ಪದವನ್ನು ನೀವೇ ಹೇಳಿ ತಪ್ಪು ಹಾಕಿ ಎಂದು ಬರೆದದ್ದೂ ನಿಮ್ಮ ಕಚೇರಿಯೇ. ಎರಡೂ ಕಾಗದ ಒಂದೇ ಮೇಜಿನಿಂದ ಹೊರಟವೇ? ಆ ಮೇಜಿನ ಮುಂದೆ ಎಂದಾದರೂ ಒಂದು ಮಗು ಕೂತಿತ್ತೇ?

ಪರೀಕ್ಷೆಯಲ್ಲಿ 'ಟ್ರಾನ್ಸ್‌ಪೋರ್ಟೇಷನ್' ಬಂತು. ಡೆಲ್ಲಾಳ ಮುಷ್ಟಿ ಗದ್ದಕ್ಕೆ ಹೋಯಿತು. "ಟ್ರಾನ್ಸ್... ಅಂದ್ರೆ ಆಚೆಗೆ. ಪೋರ್ಟ್... ಹೊರೋದು..." ಅಷ್ಟರಲ್ಲಿ ಮೂರು ಸೆಕೆಂಡು ಮುಗಿಯಿತು. ನಾನು ಪದ ಹೇಳಿ ಗೀಟು ಹಾಕಿದೆ.

"ಮಿಸ್, ತಾಳಿ! ಕೊನೇ ತುಂಡು ಮಾತ್ರ ಬಾಕಿ ಇತ್ತು. ಅವಸರ ಬೇಡ ಅಂತ ನೀವೇ ಅಂದಿದ್ರಲ್ಲ?"

"ಮುಂದಕ್ಕೆ ಓದಮ್ಮ," ಎಂದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಇನ್ನೆರಡು ಸೆಕೆಂಡು ನಾನು ಸುಮ್ಮನಿದ್ದಿದ್ದರೆ ಯಾವ ಆಕಾಶ ಬೀಳುತ್ತಿತ್ತು? ಇಪ್ಪತ್ತೆರಡು ವರ್ಷ ಸುತ್ತೋಲೆಗೆ ತಲೆಬಾಗಿ ಅದೇ ಅಭ್ಯಾಸವಾಗಿದೆ. ನನಗೆ ನಾಚಿಕೆಯಾಗುತ್ತದೆ.

ಫಲಿತಾಂಶ ಬಂದ ದಿನ, ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳ ಸಾಲಿನಲ್ಲೇ, ಅವಳ ತಾಯಿ ಲರ್ಲೀನ್ ಕಿಟಕಿಯ ಗಾಜು ಇಳಿಸಿ ಕೇಳಿದಳು: "ನಮ್ಮ ಹುಡುಗಿಗೆ ಓದೋಕೆ ಬರಲ್ವೋ, ನಿಮಗೆ ಕಾಯೋಕೆ ಬರಲ್ವೋ, ಮಿಸ್?" ಹಿಂದಿನ ಕಾರಿನವರು ಹಾರ್ನ್ ಹೊಡೆದರು. ನಾನು ಕೈ ಬೀಸಿ ಅವಳ ಕಾರನ್ನು ಮುಂದಕ್ಕೆ ಕಳಿಸಿದೆ.

ಈಗ ಡೆಲ್ಲಾ ಪದ ಬಿಡಿಸುವುದನ್ನೇ ಬಿಟ್ಟಿದ್ದಾಳೆ. ಮೊದಲ ಅಕ್ಷರ ನೋಡಿ ಬಾಯಿಗೆ ಬಂದದ್ದನ್ನು ಥಟ್ಟನೆ ಹೇಳಿ, "ಬೇಗ ಹೇಳಿದ್ನಾ ಮಿಸ್?" ಎನ್ನುತ್ತಾಳೆ. ಸರಿಯಾ ಎಂದು ಕೇಳುವುದಿಲ್ಲ.

ಆ ಒಂದು ಪದವನ್ನು ಅವಳಿಗೆ ಕೊಡಿ, ನಾಲ್ಕನೇ ತರಗತಿಗೆ ಕಳಿಸಿ. ಮೂರು ಸೆಕೆಂಡಿನ ನಿಯಮ ತೆಗೆದುಹಾಕಿ. ಆಗದು ಎನ್ನುವುದಾದರೆ, ದಯವಿಟ್ಟು ಪೈನ್ ಹಾಲೋಗೆ ಬಂದು ಏಕೆ ಆಗದು ಎಂದು ಅವಳಿಗೇ ಹೇಳಿ. ನಾನು ಹೇಳಲಾರೆ. ನನ್ನ ಮಾತು ನಂಬಿಯೇ ಅವಳು ಫೇಲಾದಳು.

ಇಂತಿ,
ನಿಮ್ಮ ಗಡಿಯಾರಕ್ಕೆ ವಿಧೇಯಳಾಗಿದ್ದ,
ವರ್ನಿಟಾ ಸ್ಟೈಲ್ಸ್
(ಮಕ್ಕಳಿಗೆ ಓದು ಕಲಿಸುತ್ತೇನೆಂದು ಹೇಳಿಕೊಳ್ಳುವವಳು)